ತಾಯಿ ಮಗು ಕ್ಷೇಮ?
ತೀರ್ಥಹಳ್ಳಿ ಸೀಮೆಯ ಸಾಹಿತ್ಯ ಮತ್ತು ದಾರಿಯಲ್ಲಿ ಹೆರುವ ಹೆಣ್ಣು

ಮಳೆಗಾಲ ಹಿಡಿಯಿತೆಂದರೆ ನಮ್ಮ ಕಡೆಯ ಪತ್ರಿಕೆಗಳ ಒಳಪುಟದ ಮೂಲೆಯಲ್ಲಿ ಒಂದು ಸುದ್ದಿ ಬರುತ್ತದೆ. ಜೀಪಿನಲ್ಲಿ ಹೆರಿಗೆ. ಬಸ್ ಸ್ಟ್ಯಾಂಡಿನಲ್ಲಿ ಹೆರಿಗೆ. ಆಂಬ್ಯುಲೆನ್ಸಿನಲ್ಲೇ ಹೆರಿಗೆ. ಇರುವುದು ಆರೇಳು ಸಾಲು. ಕೊನೆಯ ಸಾಲು ಯಾವಾಗಲೂ ಒಂದೇ: ತಾಯಿ ಮಗು ಕ್ಷೇಮ. ಓದಿದವರು 'ಸದ್ಯ, ದೇವರು ದೊಡ್ಡೋನು' ಅಂದುಕೊಂಡು ಪುಟ ಮಗುಚುತ್ತಾರೆ. ಆ ಹೆಣ್ಣು ಎಷ್ಟು ದೂರದಿಂದ ಬಂದಳು, ನೋವು ಯಾವಾಗ ಶುರುವಾಯಿತು, ಗಾಡಿಗಾಗಿ ಯಾರ ಕಾಲು ಹಿಡಿದರು, ಹೊಕ್ಕುಳಬಳ್ಳಿ ಯಾವುದರಲ್ಲಿ ಕೊಯ್ದರು, ಮೈಯಿಂದ ಎಷ್ಟು ರಕ್ತ ಹೋಯಿತು, ಇದ್ಯಾವುದೂ ಸುದ್ದಿಯಲ್ಲಿ ಇರುವುದಿಲ್ಲ. ತಾಯಿ ಸತ್ತರೆ ಒಂದು ದಿನ ಗಲಾಟೆ, ಮಾರನೇ ದಿನ ತನಿಖೆಯ ಭರವಸೆ, ಮೂರನೇ ದಿನ ಮೌನ.

ಇಂಥ ಹೆರಿಗೆಗೆ ಸರ್ಕಾರಿ ಕಾಗದವೂ ಪತ್ರಿಕೆಯೂ ಕೊಟ್ಟ ಹೆಸರು 'ಆಕಸ್ಮಿಕ'. ಒಂಬತ್ತು ತಿಂಗಳು ಎಲ್ಲರ ಕಣ್ಣೆದುರು ಬೆಳೆದ ಹೊಟ್ಟೆ ಒಂದು ದಿನ ಹೆರುತ್ತದೆ ಎನ್ನುವುದು ಹೇಗೆ ಆಕಸ್ಮಿಕವಾಗುತ್ತದೆ ಸ್ವಾಮಿ? ಜೂನ್ ತಿಂಗಳಲ್ಲಿ ಆಗುಂಬೆಯಲ್ಲಿ ಮಳೆ ಬರುವುದು ಆಕಸ್ಮಿಕವೇ? ಹಳ್ಳ ತುಂಬುವುದು ಆಕಸ್ಮಿಕವೇ? ದಾರಿಯಲ್ಲಿ ಆಗುವ ಹೆರಿಗೆಯನ್ನು ಆ ಹೆಣ್ಣು ಯೋಜಿಸಲಿಲ್ಲ, ನಿಜ. ಆದರೆ ಅವಳ ಪರವಾಗಿ ಬೇರೆಯವರು ಎಂದೋ ಯೋಜಿಸಿ ಇಟ್ಟಿದ್ದಾರೆ. ರಸ್ತೆ ಯಾರ ಮನೆಯ ಅಂಗಳದವರೆಗೆ ಬರಬೇಕು, ಯಾರ ಕೇರಿಗೆ ಬರಬಾರದು ಎಂದು ತೀರ್ಮಾನಿಸಿದವರು ಇದ್ದಾರೆ. ಹೊಳೆಗೆ ಅಣೆಕಟ್ಟು ಕಟ್ಟಿ ಸೇತುವೆ ಮರೆತವರು ಇದ್ದಾರೆ. ತುಂಬು ಬಸುರಿಯನ್ನು ಸೊಪ್ಪಿನ ಹೊರೆ ಹೊರಿಸಿ ದುಡಿಸಿಕೊಂಡವರು ಇದ್ದಾರೆ. ಈ ಯೋಜನೆಯನ್ನು ಆಕಸ್ಮಿಕವೆಂದು ಕಾಣುವ ಹಾಗೆ ಮಾಡುವುದರಲ್ಲಿ ನಮ್ಮ ಸಾಹಿತ್ಯಕ್ಕೂ ಒಂದು ಪಾಲಿದೆ ಎಂಬುದು ನನ್ನ ವಾದ. ಅದನ್ನು ತೀರ್ಥಹಳ್ಳಿಯಿಂದಲೇ ಶುರುಮಾಡಬೇಕು. ಏಕೆಂದರೆ ಕನ್ನಡದ ಅರ್ಧ ಸಾಹಿತ್ಯ ಚರಿತ್ರೆ ಈ ತಾಲ್ಲೂಕಿನ ಹೆಸರಿನಲ್ಲಿ ನಡೆದಿದೆ.

1

ತೀರ್ಥಹಳ್ಳಿಗೆ ಈ ಹೆಸರು ಹೇಗೆ ಬಂತೆಂದು ಊರಿನ ಮಕ್ಕಳಿಗೂ ಗೊತ್ತು. ಪರಶುರಾಮ ಅಪ್ಪನ ಮಾತು ಕೇಳಿ ತಾಯಿ ರೇಣುಕೆಯ ತಲೆ ಕಡಿದ. ಕೊಡಲಿಗೆ ಅಂಟಿದ ರಕ್ತ ಎಲ್ಲಿ ತೊಳೆದರೂ ಹೋಗಲಿಲ್ಲ. ಇಲ್ಲಿ ತುಂಗೆಯಲ್ಲಿ ತೊಳೆದಾಗ ಹೋಯಿತು. ಅದಕ್ಕೇ ಇದು ತೀರ್ಥ, ಅದಕ್ಕೇ ಎಳ್ಳಮಾವಾಸ್ಯೆಗೆ ಜಾತ್ರೆ. ಪುರಾಣಕ್ಕೆ ಕೊಡಲಿ ಚೊಕ್ಕಟವಾದದ್ದು ಮುಖ್ಯ, ಮಗನ ಪಾಪ ಹೋದದ್ದು ಮುಖ್ಯ. ತಾಯಿಯ ರಕ್ತ ನೀರಿನಲ್ಲಿ ಹರಿದುಹೋಯಿತು. ನಮ್ಮ ಸಾಹಿತ್ಯವೂ ಬಹಳ ಸಲ ಹೀಗೇ ಮಾಡಿದೆ. ಹೆಣ್ಣಿನ ರಕ್ತ ಕಂಡರೂ ಅದರ ಕಣ್ಣು ಇರುವುದು ಕೊಡಲಿಯ ಮೇಲೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ದೊಡ್ಡ ಕೃತಿ. ಅದರಲ್ಲಿ ಜೀತದ ಗುತ್ತಿ ಇದ್ದಾನೆ, ಅವನ ತಿಮ್ಮಿ ಇದ್ದಾಳೆ, ಅವನ ನಾಯಿ ಹುಲಿಯ ಇದೆ. ಜಗತ್ತಿನಲ್ಲಿ ಎಲ್ಲವೂ ಸಮ, ಯಾವುದೂ ಕೀಳಲ್ಲ ಎಂದು ಕಾದಂಬರಿ ಬಾಗಿಲಲ್ಲೇ ಹೇಳುತ್ತದೆ. ಆ ಮಾತನ್ನು ಅಷ್ಟು ಗಟ್ಟಿಯಾಗಿ ಅದಕ್ಕೂ ಮುಂಚೆ ಯಾರೂ ಹೇಳಿರಲಿಲ್ಲ. ಒಡೆಯರಿಂದ ತಪ್ಪಿಸಿಕೊಂಡು ಓಡುವ ಗುತ್ತಿ ತಿಮ್ಮಿಯರ ಎದುರು ಕೊನೆಗೆ ತುಂಬಿದ ತುಂಗೆ ನಿಲ್ಲುತ್ತದೆ, ಹುಲಿಯ ಹೊಳೆಯ ಪಾಲಾಗುತ್ತದೆ. ಕನ್ನಡದ ಓದುಗರು ಆ ನಾಯಿಗಾಗಿ ಅತ್ತಿದ್ದಾರೆ. ಅಳಬೇಕಾದ್ದೇ. ಆದರೆ ಹೊಲಗೇರಿಯಿಂದ ಬಂದ ನನ್ನಂಥ ಓದುಗ ಅಲ್ಲಿ ಬೇರೊಂದು ಲೆಕ್ಕ ಹಾಕುತ್ತಾನೆ. ಆ ತಿಮ್ಮಿಗೆ ಮುಂದಿನ ವರ್ಷ ಇದೇ ಮಳೆಯಲ್ಲಿ ನೋವು ಬಂದರೆ? ಕಾದಂಬರಿ ಮದುಮಗಳವರೆಗೆ ಬಂದು ನಿಂತಿದೆ. ಮಲೆನಾಡಿನ ಹೆಣ್ಣಿನ ನಿಜವಾದ ಗಂಡಾಂತರ ಶುರುವಾಗುವುದು ಮದುವೆಯ ಮಾರನೇ ವರ್ಷ. ಬಾಣಂತಿಗೆ ನಮ್ಮಲ್ಲಿ ಮಹಾಕಾವ್ಯವಿಲ್ಲ.

ಆ ಹೊಳೆ ಬರೀ ರೂಪಕವಲ್ಲ. ಈ ಮೂರು ತಾಲ್ಲೂಕು, ಸಾಗರ, ಹೊಸನಗರ, ತೀರ್ಥಹಳ್ಳಿ, ನೀರಿನಿಂದ ಕೊಯ್ದು ಇಟ್ಟ ನಾಡು. ಹಳ್ಳಕ್ಕೆ ಅಡಿಕೆ ಮರದ ದಬ್ಬೆ ಹಾಸಿದ ಕಾಲುಸಂಕವೇ ಎಷ್ಟೋ ಮನೆಗಳಿಗೆ ಹೆದ್ದಾರಿ. ಬಿಸಿಲಲ್ಲಿ ಶಾಲೆಗೆ ಹೋಗುವ ಮಕ್ಕಳೇ ಅದರ ಮೇಲೆ ಜಾರುತ್ತಾರೆ. ರಾತ್ರಿ, ಮಳೆಯಲ್ಲಿ, ನೋವು ತಿನ್ನುವ ಬಸುರಿಯನ್ನು ಅದರ ಮೇಲೆ ದಾಟಿಸುವುದು ಹೇಗೆ? ಕಂಬಳಿಯನ್ನು ಗಳುವಿಗೆ ಕಟ್ಟಿ ಜೋಲಿ ಮಾಡಿ ಇಬ್ಬರು ಹೊರಬೇಕು. ಸಂಕದ ಮೇಲೆ ಇಬ್ಬರ ಹೆಜ್ಜೆಯೂ ಒಂದೇ ಅಳತೆಗೆ ಬೀಳಬೇಕು.

ಇನ್ನು ಶರಾವತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆ ದೀಪ ಬಂತು. ಸಾಗರ ತಾಲ್ಲೂಕಿನ ತುಮರಿಯ ಕಡೆಯ ಹಳ್ಳಿಗಳು ಹಿನ್ನೀರಿನ ಆಚೆ ನಡುಗಡ್ಡೆಯಂತಾದವು. ಅವರಿಗೆ ತಾಲ್ಲೂಕಿಗೆ ಬರುವ ನೇರದಾರಿ ಅಂದರೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಲಾಂಚ್. ಲಾಂಚಿಗೆ ವೇಳಾಪಟ್ಟಿ ಇತ್ತು, ಸಂಜೆಗೆ ಅದು ನಿಲ್ಲುತ್ತಿತ್ತು. ಹೆರಿಗೆ ನೋವಿಗೆ ವೇಳಾಪಟ್ಟಿ ಇರಲಿಲ್ಲ. ಆ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಲೆಕ್ಕ ಹಾಕಿ: ಅರವತ್ತೊಂದು ವರ್ಷ. 1964ರಲ್ಲಿ ಹುಟ್ಟಿದ ಹೆಣ್ಣುಮಗು ದೊಡ್ಡವಳಾಗಿ, ಹೆತ್ತು, ಅವಳ ಮಗಳೂ ಹೆತ್ತು, ಅಜ್ಜಿಯಾದ ಮೇಲೆ ಸೇತುವೆ ಬಂತು. ಇದನ್ನು ಆಕಸ್ಮಿಕ ಅನ್ನಲು ನಾಲಿಗೆ ಹೇಗೆ ಬರುತ್ತದೆ?

2

ತೀರ್ಥಹಳ್ಳಿಯ ಇನ್ನೊಬ್ಬ ದೊಡ್ಡ ಲೇಖಕ ಯು.ಆರ್. ಅನಂತಮೂರ್ತಿ. ಅವರ 'ಘಟಶ್ರಾದ್ಧ' ಕಥೆ 'ಪ್ರಶ್ನೆ' ಸಂಕಲನದಲ್ಲಿ 1963ರಲ್ಲಿ ಬಂತು. ಇದೇ ತಾಲ್ಲೂಕಿನ ಗಿರೀಶ ಕಾಸರವಳ್ಳಿ ಅದನ್ನು 1977ರಲ್ಲಿ ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. ವೇದಪಾಠಶಾಲೆಯ ಉಡುಪರ ವಿಧವೆ ಮಗಳು ಯಮುನಕ್ಕ ಬಸುರಾಗುತ್ತಾಳೆ. ಗರ್ಭ ತೆಗೆಸುವ ಕೆಲಸ ಕತ್ತಲಲ್ಲಿ, ಅಗ್ರಹಾರದ ಕಣ್ಣು ತಪ್ಪಿಸಿ ನಡೆಯುತ್ತದೆ. ಗುಟ್ಟು ಬಯಲಾದ ಮೇಲೆ ಹೆತ್ತ ಅಪ್ಪನೇ ಬದುಕಿರುವ ಮಗಳಿಗೆ ಮಡಕೆ ಒಡೆದು ಶ್ರಾದ್ಧ ಮಾಡಿ ಕೈ ತೊಳೆದುಕೊಳ್ಳುತ್ತಾನೆ. ಪುರೋಹಿತಶಾಹಿಯ ಹೊಟ್ಟೆಯೊಳಗಿನ ಕ್ರೌರ್ಯವನ್ನು ಒಳಗಿನವರೇ ಇಷ್ಟು ಬಿಚ್ಚಿಟ್ಟದ್ದು ಸಣ್ಣ ಕೆಲಸವಲ್ಲ. ಅದಕ್ಕೆ ನಾವು ಕೃತಜ್ಞರು.

ಆದರೂ ಕೇಳಬೇಕು. ಹುಡುಗ ನಾಣಿಯ ಕಣ್ಣಲ್ಲಿ ಎಲ್ಲವೂ ನಡೆಯುತ್ತದೆ. ಅವನ ಹೆದರಿಕೆ, ಅವನ ಕರುಣೆ, ಅವನ ಮುಗ್ಧತೆ ಮುರಿಯುವುದು, ನವ್ಯ ವಿಮರ್ಶೆ ಐವತ್ತು ವರ್ಷ ಇದನ್ನೇ ಹೊಗಳಿಕೊಂಡು ಬಂತು. ಯಮುನಕ್ಕನ ಮೈಗೆ ಏನಾಯಿತು? ಗರ್ಭಪಾತದ ಮಾರನೇ ದಿನ ಅವಳಿಗೆ ಜ್ವರ ಬಂತೇ, ರಕ್ತ ನಿಂತಿತೇ, ಅವಳನ್ನು ಹೊರಗೆ ಹಾಕಿದ ಮೇಲೆ ಅವಳು ಎಷ್ಟು ದೂರ ನಡೆದಳು? ವಿಮರ್ಶಕರಿಗೆ ಈ ಪ್ರಶ್ನೆ ಹೊಳೆಯಲಿಲ್ಲ. ಇನ್ನೊಂದು ಪ್ರಶ್ನೆಯೂ ಹೊಳೆಯಲಿಲ್ಲ. ಹಗಲು ಮೈಲಿಗೆಯಾದ ಊರಾಚೆಯ ಕತ್ತಲು ರಾತ್ರಿ ಮೇಲುಜಾತಿಯ ಮರ್ಯಾದೆಯ ಆಸ್ಪತ್ರೆಯಾಗುತ್ತದೆ. ಅಗ್ರಹಾರ ತನ್ನ ಪಾಪ ಹೊರಲು ಆ ಕತ್ತಲನ್ನು ಬಳಸಿಕೊಳ್ಳುತ್ತದೆ. ಆ ಕತ್ತಲಲ್ಲೇ ಹುಟ್ಟಿ ಅಲ್ಲೇ ಹೆರುವವರ ಕಥೆ ಯಾರು ಬರೆಯಬೇಕು?

ಇದೇ ಸಂಕಟಕ್ಕೆ ನಮ್ಮ ದೇಶದಲ್ಲೇ ನೂರು ವರ್ಷ ಮೊದಲು ಬೇರೆ ಉತ್ತರ ಸಿಕ್ಕಿತ್ತು. 1863ರಲ್ಲಿ ಪುಣೆಯಲ್ಲಿ ಜ್ಯೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆ ತಮ್ಮ ಮನೆಯನ್ನೇ ಬಸುರಿ ವಿಧವೆಯರ ಹೆರಿಗೆಮನೆ ಮಾಡಿದರು. ಬಂದು ಹೆರಿ, ಮಗು ಬೇಕಾದರೆ ಕೊಂಡುಹೋಗಿ, ಬೇಡವಾದರೆ ಇಲ್ಲೇ ಬಿಡಿ ಎಂದರು. ಅಲ್ಲಿಗೆ ಬಂದ ಬ್ರಾಹ್ಮಣ ವಿಧವೆಯೊಬ್ಬಳ ಮಗುವನ್ನು ತಾವೇ ಸಾಕಿಕೊಂಡರು. ಶೂದ್ರ ದಂಪತಿ ಬಾಗಿಲು ತೆರೆದರು, ಅಗ್ರಹಾರ ಮಡಕೆ ಒಡೆಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವ ವಿಮರ್ಶೆ ನಮಗೆ ಬೇಕು.

3

ಮೂರನೆಯದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976). ಇಂದಿರಾ ತೀರ್ಥಹಳ್ಳಿಯವರು. ಪುಸ್ತಕಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು, ಪ್ರೇಮಾ ಕಾರಂತರು 1983ರಲ್ಲಿ ಸಿನಿಮಾ ಮಾಡಿದರು. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಮಡಿಯಲ್ಲೇ ಒಂದು ಶತಮಾನ ಕಳೆದ ಹೆಣ್ಣಿನ ಕಥೆ ಅದು. ಈ ಮಡಿ ಹೆಂಗಸು ಒಂದು ಸಲ ಅಸ್ಪೃಶ್ಯ ಹುಡುಗಿಯ ಕಷ್ಟದ ಹೆರಿಗೆಗೆ ಕೈ ಹಾಕುತ್ತಾಳೆ. ಗುಟ್ಟಾಗಿ ಹೋಗುತ್ತಾಳೆ, ಜೀವ ಉಳಿಸುತ್ತಾಳೆ, ಮಿಂದು ಮನೆ ಸೇರುತ್ತಾಳೆ, ಯಾರಿಗೂ ಹೇಳುವುದಿಲ್ಲ.

ಮೊದಲು ಹೊಗಳಬೇಕು. ನಾನು ಹೇಳುತ್ತಿರುವ ಮೂರು ಕೃತಿಗಳಲ್ಲಿ ಹೆರುವ ದಲಿತ ಹೆಣ್ಣಿನ ಗುಡಿಸಿಲಿನೊಳಗೆ ಕಾಲಿಟ್ಟದ್ದು ಇದೊಂದೇ. ಹೆರಿಗೆ ಅಂದರೆ ತೊಟ್ಟಿಲು, ಲಾಲಿ, ಸೀಮಂತ ಅಲ್ಲ, ಅಡ್ಡಸಿಕ್ಕಿದ ಮಗು, ಸೋತ ಸೂಲಗಿತ್ತಿ, ಸಾಯುತ್ತಿರುವ ತಾಯಿ ಎಂದು ಬರೆದವರು ಒಬ್ಬ ಹೆಂಗಸು. ನವ್ಯದ ಗಂಡಸರು 'ಜನಪ್ರಿಯ ಲೇಖಕಿ' ಎಂದು ಪಕ್ಕಕ್ಕಿಟ್ಟ ಹೆಂಗಸು. ಇದನ್ನು ಬಂಡಾಯದವರೂ ಒಪ್ಪಿಕೊಳ್ಳಬೇಕು.

ಈಗ ಪ್ರಶ್ನೆ. ಆ ರಾತ್ರಿ ಯಾರ ಕಥೆ? ಫಣಿಯಮ್ಮನ ಕಥೆ. ಮಡಿ ದೊಡ್ಡದೋ ಜೀವ ದೊಡ್ಡದೋ ಎಂಬ ಅವಳ ತಳಮಳ, ಅವಳ ತೀರ್ಮಾನ, ಅವಳ ಔದಾರ್ಯ. ಹೆರುತ್ತಿರುವ ಹುಡುಗಿ ಆ ಔದಾರ್ಯಕ್ಕೆ ಒರೆಗಲ್ಲು. ಒಂದು ಹೆರಿಗೆಯಿಂದ ವಿಧವೆಯ ಮನಸ್ಸು ದೊಡ್ಡದಾಯಿತು, ನಿಜ. ಆ ಹುಡುಗಿ ಯಾಕೆ ಅಂಥ ಸ್ಥಿತಿಗೆ ಬಂದಳು, ಅವಳ ಅಡಿಗೆಮನೆಯಲ್ಲಿ ಏನಿತ್ತು, ಹಿಂದಿನ ದಿನದವರೆಗೆ ಯಾರ ಗದ್ದೆಯಲ್ಲಿ ನೆಟ್ಟಿ ಮಾಡಿದಳು, ಕಾದಂಬರಿಯ ಕಣ್ಣು ಅತ್ತ ಹೊರಳುವುದಿಲ್ಲ. ಮತ್ತೆ ಆ ಗುಟ್ಟು. ಒಳ್ಳೆಯತನವನ್ನೂ ಕದ್ದು ಮಾಡಬೇಕಾದ ಸಮಾಜದಲ್ಲಿ ಒಂದು ಜೀವ ಉಳಿಯಬಹುದು, ಕಟ್ಟಳೆ ಹಾಗೇ ಇರುತ್ತದೆ. ನಮಗೆ ಬೇಕಾದ್ದು ರಾತ್ರಿ ಗುಟ್ಟಾಗಿ ಬರುವ ಪುಣ್ಯವಂತೆಯಲ್ಲ. ಹಗಲು, ರಿಜಿಸ್ಟರಿನಲ್ಲಿ ಹೆಸರು ಬರೆದು, ಹಕ್ಕಿನಿಂದ ಬರುವ ದಾದಿ.

4

ಇಲ್ಲಿ ಕೈಯ ಮಾತು ಬಂತು. ಊರಿನ ಹೆರಿಗೆಗಳನ್ನೆಲ್ಲ ಮಾಡಿಸಿದ್ದು ಯಾರ ಕೈ? ಹೊಲಗೇರಿಯ ಮುದುಕಿ, ಅಗಸರ ಮನೆಯಾಕೆ, ಕ್ಷೌರಿಕರ ಮನೆಯಾಕೆ, ಸಾಬರ ಮುದುಕಿ. ಮೇಲುಜಾತಿಯ ಕೂಸು ಭೂಮಿಗೆ ಬಿದ್ದಾಗ ಮೊದಲು ಮುಟ್ಟಿದ್ದು ಆ ಕೈ. ಹೊಕ್ಕುಳಬಳ್ಳಿ ಕೊಯ್ದದ್ದು, ಮಾಸು ಹೂತದ್ದು, ರಕ್ತದ ಬಟ್ಟೆ ಒಗೆದದ್ದು ಆ ಕೈ. ಹನ್ನೊಂದನೇ ದಿನ ಪುಣ್ಯಾಹವಾದ ಮೇಲೆ ಅದೇ ಕೈ ಮೈಲಿಗೆ. ಕೂಸು ಬೆಳೆದು ಒಡೆಯನಾಗಿ ಅದೇ ಮುದುಕಿಗೆ ಅಂಗಳದಾಚೆ ನಿಲ್ಲು ಅನ್ನುತ್ತದೆ.

ಮೈಲಿಗೆಯ ಬಗ್ಗೆ ವಿಜ್ಞಾನ ಏನು ಹೇಳುತ್ತದೆ ನೋಡಿ. 1847ರಲ್ಲಿ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡ್ ಇದ್ದವು. ಒಂದರಲ್ಲಿ ಹೆರಿಗೆ ಮಾಡಿಸುತ್ತಿದ್ದವರು ಸೂಲಗಿತ್ತಿಯರು, ಇನ್ನೊಂದರಲ್ಲಿ ಡಾಕ್ಟರುಗಳು ಮತ್ತು ವೈದ್ಯ ವಿದ್ಯಾರ್ಥಿಗಳು. ಹೆಚ್ಚು ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದುದು ಡಾಕ್ಟರುಗಳ ವಾರ್ಡಿನಲ್ಲಿ. ಸೆಮ್ಮೆಲ್‌ವೈಸ್ ಎಂಬ ಡಾಕ್ಟರ್ ಕಾರಣ ಹುಡುಕಿದ. ಹೆಣ ಕೊಯ್ದ ಕೈಯಲ್ಲೇ ಅವರು ಹೆರಿಗೆ ಮಾಡಿಸುತ್ತಿದ್ದರು. ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆಸಿದ, ಸಾವು ಇಳಿಯಿತು. ದೊಡ್ಡ ಡಾಕ್ಟರುಗಳು ಅವನನ್ನು ನಂಬಲಿಲ್ಲ, ಮರ್ಯಾದಸ್ಥರ ಕೈ ಕೊಳಕಾಗಿರುತ್ತದೆಂದು ಒಪ್ಪಲು ಅವರಿಗೆ ಆಗಲಿಲ್ಲ. ಕೊಳೆ ಜಾತಿಯಲ್ಲಿಲ್ಲ, ಕೈಯಲ್ಲಿದೆ, ಸೋಪು ಹಾಕಿ ತೊಳೆದರೆ ಹೋಗುತ್ತದೆ. ಪುಣ್ಯಾಹದ ನೀರಿಗೆ ಆ ಶಕ್ತಿ ಇಲ್ಲ.

ಆದರೆ ಸೂಲಗಿತ್ತಿಯನ್ನು ದೇವತೆ ಮಾಡುವ ಇನ್ನೊಂದು ತಪ್ಪನ್ನೂ ನಾವು ಮಾಡಬಾರದು. ಪಾವಗಡದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ದುಡ್ಡು ತೆಗೆದುಕೊಳ್ಳಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಕೈಗೆ ಕೋಟಿ ನಮಸ್ಕಾರ. ಅಂಥ ಕೈಗೂ ಆಗದ ಕೆಲಸ ಇದೆ. ರಕ್ತ ಹೋದವಳಿಗೆ ಬರೀ ಕೈ ರಕ್ತ ಕೊಡಲಾರದು. ಹೊಟ್ಟೆ ಕೊಯ್ದು ಮಗು ತೆಗೆಯಲಾರದು. 'ಹಳೇ ಕಾಲದಲ್ಲಿ ಎಲ್ಲಾ ಮನೇಲೇ ಹೆರ್ತಿದ್ರಪ್ಪ, ಏನಾಗ್ತಿತ್ತು?' ಎಂದು ಪೇಟೆಯಲ್ಲಿ ಕೂತು ಹೇಳುವವರು ಹಳೇ ಕಾಲದ ಸುಡುಗಾಡು ನೋಡಿಲ್ಲ. ಬದುಕಿದವರು ಕಥೆ ಹೇಳಲು ಉಳಿದರು, ಸತ್ತವರು ಉಳಿಯಲಿಲ್ಲ. ಅಷ್ಟೇ ವ್ಯತ್ಯಾಸ.

ಆದ್ದರಿಂದ ಏನಾಗುತ್ತದೆಂದು ನಮ್ಮ ಹುಡುಗರು ಬಿಡಿಸಿ ತಿಳಿಯಬೇಕು. ಮಗು ಹುಟ್ಟಿದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಬೇಕು. ಮುದುಡದಿದ್ದರೆ, ಅಥವಾ ಮಾಸಿನ ಚೂರು ಒಳಗೇ ಉಳಿದರೆ, ರಕ್ತ ನಲ್ಲಿ ಬಿಟ್ಟಂತೆ ಹರಿಯುತ್ತದೆ. ತಡೆಯದಿದ್ದರೆ ಗಟ್ಟಿಮುಟ್ಟಾದ ಹೆಣ್ಣೂ ಒಂದೆರಡು ಗಂಟೆಯಲ್ಲಿ ಸಾಯಬಹುದು. ಮೊದಲೇ ಮೈಯಲ್ಲಿ ರಕ್ತವಿಲ್ಲದವಳಿಗೆ ಅಷ್ಟು ಹೊತ್ತೂ ಬೇಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ಅರ್ಧಕ್ಕೆ ಹತ್ತಿರ ಮಂದಿಗೆ ರಕ್ತಹೀನತೆ. ಇನ್ನು ಬಿಪಿ ಏರಿ ಫಿಟ್ಸ್ ಬರುವುದು: ಮನೆಯವರು ಅದನ್ನು ದೆವ್ವದ ಚೇಷ್ಟೆ ಎಂದು ನಿಂಬೆಹಣ್ಣು ಇಳಿತೆಗೆಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮಗು ಅಡ್ಡಸಿಕ್ಕುವುದು. ಕುಡುಗೋಲಿನಲ್ಲಿ ಬಳ್ಳಿ ಕೊಯ್ದು, ಬೂದಿ ಸಗಣಿ ಹಚ್ಚಿ ಬರುವ ಧನುರ್ವಾಯು. ಬಸುರಿಗೆ ಕೊಡುವ ಒಂದೆರಡು ಚುಚ್ಚುಮದ್ದಿನಿಂದ ಇದು ಎಷ್ಟು ತಗ್ಗಿತೆಂದರೆ, ಭಾರತ ಬಾಣಂತಿ ಮತ್ತು ಹಸುಳೆಯ ಧನುರ್ವಾಯುವನ್ನು ಗೆದ್ದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಪ್ಪಿತು. ಅಂದರೆ ಗೆಲ್ಲಬಹುದು. ಕೂಸಿಗೆ ಚಳಿಯೇ ಯಮ. ಆಶ್ಲೇಷ ಮಳೆಯಲ್ಲಿ ಜೀಪಿನೊಳಗೆ ಹುಟ್ಟಿದ ಕೂಸನ್ನು ಕೂಡಲೇ ಒರೆಸಿ, ತಾಯಿಯ ಎದೆಗೆ ಬರಿಮೈಯಲ್ಲಿ ಅಪ್ಪಿಸಿ, ಮೇಲೆ ಕಂಬಳಿ ಹೊದಿಸಬೇಕು, ಮೊಲೆ ಕೊಡಿಸಬೇಕು. ಬಳ್ಳಿ ಕೊಯ್ಯುವ ಅವಸರ ಬೇಡ, ಎಳೆಯಲೇ ಬೇಡಿ. ಇಷ್ಟು ಗೊತ್ತಿದ್ದರೆ ಆಸ್ಪತ್ರೆ ಮುಟ್ಟುವವರೆಗೆ ಎರಡು ಜೀವ ಹಿಡಿದಿಟ್ಟುಕೊಳ್ಳಬಹುದು.

ಇನ್ನೊಂದು ಮಾತು ನಮ್ಮ ಜಿಲ್ಲೆಯದೇ. 1975ರಲ್ಲಿ ಸಾಗರದ ಹತ್ತಿರದ ಹಂದಿಗೋಡಿನಲ್ಲಿ ಬೆಳಕಿಗೆ ಬಂದ ರೋಗ ಸೊಂಟದ ಕೀಲನ್ನೇ ತಿನ್ನುತ್ತದೆ. ಬಿದ್ದವರಲ್ಲಿ ಬಹುಪಾಲು ದಲಿತ ಕೂಲಿಗಳು. ಸೊಂಟ ಸೊಟ್ಟಗಾದ ಹೆಣ್ಣಿಗೆ ಗುಡಿಸಿಲಿನಲ್ಲಿ ನೋವು ಶುರುವಾದರೆ ಮಗು ಇಳಿಯುವ ದಾರಿಯೇ ಇರದೆ ಹೋಗಬಹುದು. ಅಂಥವಳ ಹೆಸರು ಬಸುರಾದ ಮೂರನೇ ತಿಂಗಳಿಗೇ ಆಸ್ಪತ್ರೆಯ ಪುಸ್ತಕದಲ್ಲಿ ಇರಬೇಕಲ್ಲವೇ?

5

'ಈಗ ಕಾಲ ಬದಲಾಗಿದೆ' ಎನ್ನುವವರಿಗೆ ಒಪ್ಪಬೇಕಾದಷ್ಟು ಒಪ್ಪೋಣ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಕಾರ್ಯಕರ್ತೆಯರು ಬಂದರು. 2008ರಲ್ಲಿ ಕರ್ನಾಟಕಕ್ಕೆ 108 ಬಂತು. 2005-06ರಲ್ಲಿ ರಾಜ್ಯದ ನೂರು ಹೆರಿಗೆಯಲ್ಲಿ ಸುಮಾರು 65 ಆಸ್ಪತ್ರೆಯಲ್ಲಿ ಆಗುತ್ತಿದ್ದವು, 2019-21ಕ್ಕೆ ಅದು 97 ಆಯಿತು. ಇದು ಹೆಣ್ಣುಮಕ್ಕಳ ಗೆಲುವು. ಕಡಿಮೆ ಗೌರವಧನಕ್ಕೆ ಮಳೆಯಲ್ಲಿ ಮನೆಮನೆ ತಿರುಗಿದ ಆಶಾಗಳ ಗೆಲುವು.

ಆದರೆ ಉಳಿದ ಮೂರು ಯಾರು? ಅವರು ಯಾವ ಹಳ್ಳದ ಆಚೆ ಇದ್ದಾರೆ, ಯಾವ ಬಿಡಾರದಲ್ಲಿ ಇದ್ದಾರೆ? ಶೇಕಡಾ ಲೆಕ್ಕದಲ್ಲಿ ಕೊನೆಗೆ ಉಳಿಯುವವರು ಯಾವಾಗಲೂ ನಮ್ಮವರೇ. 2018-20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಹೆರಿಗೆಗೆ 69 ತಾಯಂದಿರು ಸತ್ತರು, ಪಕ್ಕದ ಕೇರಳದಲ್ಲಿ 19. ಅದೇ ಸಹ್ಯಾದ್ರಿ, ಅದೇ ಮಳೆ, ಅದೇ ಅಡಿಕೆ. ವ್ಯತ್ಯಾಸ ಬೆಟ್ಟದಲ್ಲಿಲ್ಲ, ವ್ಯವಸ್ಥೆಯಲ್ಲಿದೆ.

ಆಸ್ಪತ್ರೆಯ ಬಾಗಿಲು ಮುಟ್ಟಿದವಳ ಕಥೆಯನ್ನೂ ಕೇಳಿ. 2022ರ ನವೆಂಬರಿನಲ್ಲಿ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಒಬ್ಬ ತುಂಬು ಬಸುರಿ ಹೋದಳು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ಸೇರಿಸಿಕೊಳ್ಳಲಿಲ್ಲ. ವಾಪಸು ಬಂದು ಬಾಡಿಗೆ ಕೋಣೆಯಲ್ಲಿ ಅವಳಿ ಮಕ್ಕಳನ್ನು ಹೆತ್ತು ಸತ್ತಳು. ಎರಡು ಕೂಸೂ ಸತ್ತವು. ಡಾಕ್ಟರು, ನರ್ಸುಗಳನ್ನು ಅಮಾನತು ಮಾಡಿದರು. ಇದೂ 'ಆಸ್ಪತ್ರೆಯ ಹೊರಗಿನ ಹೆರಿಗೆ'ಯೇ. ಇಲ್ಲಿ ಹಳ್ಳವಿಲ್ಲ, ಸಂಕವಿಲ್ಲ, ದೂರವಿಲ್ಲ. ಒಂದು ಕಾಗದ ಇತ್ತು. ನಮ್ಮ ಕಾಲದ ಮಡಿಗೆ ಜನಿವಾರ ಬೇಡ, ಕಾರ್ಡ್ ಸಾಕು.

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಆಸ್ಪತ್ರೆಯಲ್ಲಿ ಹೆತ್ತು ಬಂದ ಬಾಣಂತಿಯನ್ನು ಸೂತಕವೆಂದು ಹಟ್ಟಿಯಾಚೆಯ ಗುಡಿಸಿಲಿನಲ್ಲಿ ಇಟ್ಟರು. ಮಳೆ ಚಳಿಗೆ ಹಸುಳೆ ಸತ್ತಿತು. ಆಸ್ಪತ್ರೆ ಉಳಿಸಿದ್ದನ್ನು ಸೂತಕ ಕೊಂದಿತು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು, ಅವರಿಗೆ ಹಾಕಿದ ಗ್ಲೂಕೋಸಿನಂಥ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಎದ್ದಿತು. ಆದ್ದರಿಂದ 'ಆಸ್ಪತ್ರೆಗೆ ಬನ್ನಿ' ಎಂಬ ಬೋರ್ಡು ಸಾಲದು. ಬಂದವಳಿಗೆ ಬಾಗಿಲು, ಮರ್ಯಾದೆ, ಒಳ್ಳೆಯ ಮದ್ದು, ರಾತ್ರಿ ಎರಡು ಗಂಟೆಗೂ ಡಾಕ್ಟರು ಇರಬೇಕು. ತಾಲ್ಲೂಕಿಗೆ ಬಂದವಳನ್ನು 'ಶಿವಮೊಗ್ಗಕ್ಕೆ ಹೋಗಿ' ಎಂದು ಅರವತ್ತು ಕಿಲೋಮೀಟರ್ ಕಾಡುದಾರಿಗೆ ಕಳಿಸಿದರೆ ಹೆರಿಗೆ ಮತ್ತೆ ದಾರಿಯಲ್ಲೇ. ಮೈಸವರದೆ, 'ಮಾಡ್ಕೊಳೋವಾಗ ಗೊತ್ತಾಗ್ಲಿಲ್ವಾ, ಈಗ್ಯಾಕೆ ಕಿರಚ್ತೀಯ' ಎಂದು ಹೆರುವವಳಿಗೆ ಬೈಯುವ ವಾರ್ಡುಗಳಿದ್ದಾವೆ. ಆ ಮಾತು ಕೇಳಿದವಳು ಮುಂದಿನ ಸಲ ಕೊನೇ ಗಳಿಗೆಯವರೆಗೂ ಮನೆ ಬಿಟ್ಟು ಹೊರಡುವುದಿಲ್ಲ. ಅವಳನ್ನು ಮೂಢಳು ಎನ್ನಬೇಡಿ. ಅವಳು ಅನುಭವಸ್ಥೆ.

6

ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆಯ ಪರವಾಗಿ ಮಾತಾಡಿದರು. ಹೆರಿಗೆಗೆ ಮುಂಚೆಯೂ ಆಮೇಲೂ ದುಡಿಯುವ ಹೆಣ್ಣಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತ, ಅದರ ಭಾರವನ್ನು ಸರ್ಕಾರವೂ ಮಾಲೀಕನೂ ಹೊರಬೇಕು ಎಂಬುದು ಅವರ ವಾದ. ಅವರು ಅದನ್ನು ದಯೆಯೆಂದು ಕೇಳಲಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆ ಕಾರ್ಖಾನೆ, ಗಣಿ, ಪ್ಲಾಂಟೇಶನ್ನುಗಳ ಹೆಂಗಸರಿಗೆ ಬಂತು. ಅಡಿಕೆ ತೋಟದಲ್ಲಿ ಸೊಪ್ಪು ಹೊರುವ, ಅಡಿಕೆ ಸುಲಿಯುವ, ಗದ್ದೆಯಲ್ಲಿ ನೆಟ್ಟಿ ಮಾಡುವ ದಿನಗೂಲಿಯವಳ ಬಾಗಿಲಿಗೆ ಬರಲಿಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದರು, ಆಮೇಲೆ ಉಳುವವನಿಗೆ ಭೂಮಿಯೂ ಬಂತು. ಗೇಣಿ ಚೀಟಿಯೂ ಇಲ್ಲದ ಜೀತದವರಿಗೆ, ಕೂಲಿಯವರಿಗೆ ಏನು ಬಂತು? ಭೂಮಿ ಇಲ್ಲದವಳ ಮನೆ ಹಳ್ಳದ ಆಚೆಗೇ ಇರುತ್ತದೆ. ಒಂದು ದಿನ ಕೂಲಿ ಬಿಟ್ಟರೆ ಒಲೆ ಹತ್ತದವಳು ನೋವು ಶುರುವಾಗುವ ತನಕ ಗದ್ದೆಯಲ್ಲೇ ಇರುತ್ತಾಳೆ. ಇಲ್ಲಿ ಹೆರಿಗೆಯ ಪ್ರಶ್ನೆ ಭೂಮಿಯ ಪ್ರಶ್ನೆಯೇ.

ನನ್ನವ್ವ ನನ್ನನ್ನು ಹೆತ್ತದ್ದು ಒಡೇರ ಮನೆಯ ಕೊಟ್ಟಿಗೆಯ ಹಿಂದೆ, ಗೊಬ್ಬರದ ಗುಂಡಿಯ ಪಕ್ಕ. ಸೊಪ್ಪಿನ ಹೊರೆ ಇಳಿಸಿ, ಮನೆಗೆ ಹೋಗಿ ಹೆರೋಣ ಎಂದುಕೊಂಡಿದ್ದಳಂತೆ. ಆಗಲಿಲ್ಲ. 'ಹಸಾನೂ ಅಲ್ಲೇ ಈದಿತ್ತು ಕಣೋ, ಅದಕ್ಕೆ ಬೆಚ್ಚಗೆ ಹುಲ್ಲು ಹಾಸಿದ್ರು' ಎಂದು ಒಂದು ದಿನ ನಗುತ್ತ ಹೇಳಿದಳು. ನಾನು ಪಾಠ ಹೇಳುವ ಸಾಹಿತ್ಯದಲ್ಲಿ ಆ ನಗುವಿಗೆ ಒಂದು ಪುಟವೂ ಸಿಕ್ಕಿಲ್ಲ. ನನ್ನ ಹಿಂದಿನ ಕೂಸು ಉಳಿಯಲಿಲ್ಲ. ಅದು ಎಲ್ಲಿಯ ಲೆಕ್ಕದಲ್ಲೂ ಇಲ್ಲ.

ಗೆಳೆಯರೇ, ಬರೆಯುವವರಿಗೆ ಒಂದು ಮಾತು, ಓಡಾಡುವವರಿಗೆ ಒಂದು ಮಾತು.

ಬರೆಯುವವರು ಆ ಹೆಣ್ಣನ್ನು ಇನ್ನೊಬ್ಬರ ಪುಣ್ಯಕ್ಕೂ ಇನ್ನೊಬ್ಬರ ಪಾಪಕ್ಕೂ ಹಿನ್ನೆಲೆ ಮಾಡುವುದು ಸಾಕು. ಅವಳೇ ಹೇಳಲಿ. ನಮ್ಮ ದಲಿತ ಸಾಹಿತ್ಯವೂ ಇದರಲ್ಲಿ ಮುಗ್ಧವಲ್ಲ. ನಾವು ಅಪ್ಪನ ಜೀತ ಬರೆದೆವು, ಅಣ್ಣನ ಬಂಡಾಯ ಬರೆದೆವು, ಅವ್ವನ ಕಣ್ಣೀರು ಬರೆದೆವು. ಅವ್ವನ ರಕ್ತ ಬರೆಯಲು ನಮಗೂ ನಾಚಿಕೆಯಾಯಿತು. ಆ ನಾಚಿಕೆ ನಮಗೆ ಮೇಲುಜಾತಿ ಕಲಿಸಿದ್ದು.

ಹಳ್ಳಿಯ ಮೇಷ್ಟ್ರುಗಳು, ವಿದ್ಯಾರ್ಥಿಗಳು, ಸಂಘಟನೆಯವರು ಮಳೆಗಾಲಕ್ಕೆ ಮುಂಚೆ ತಮ್ಮ ಊರಿನ ಬಸುರಿಯರ ಪಟ್ಟಿ ಮಾಡಲಿ, ಆಶಾಗಳ ಜೊತೆ ಕೂತು. ಯಾರಿಗೆ ಯಾವ ತಿಂಗಳು, ಅವಳ ಮನೆಗೂ ಟಾರು ರಸ್ತೆಗೂ ನಡುವೆ ಎಷ್ಟು ಸಂಕ, ಯಾವ ಸಂಕ ಮುರಿದಿದೆ, ಫೋನ್ ಎಲ್ಲಿ ಸಿಗ್ನಲ್ ಹಿಡಿಯುತ್ತದೆ, ರಾತ್ರಿ ಯಾರ ಗಾಡಿ ಸಿಗುತ್ತದೆ, ಯಾರ ರಕ್ತ ಯಾವ ಗುಂಪು. ಒಂದು ಹಾಳೆಯಲ್ಲಿ ಬರೆದು ಪಂಚಾಯ್ತಿಯ ಬಾಗಿಲಿಗೆ ಅಂಟಿಸಿ. ಒಂದು ಪ್ರತಿ ತಾಲ್ಲೂಕು ಆಸ್ಪತ್ರೆಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಆ ಹಾಳೆ ಇದ್ದ ಮೇಲೆ ಯಾರೂ 'ಆಕಸ್ಮಿಕ' ಎನ್ನಲಾರರು. ಗೊತ್ತಿದ್ದೂ ಸಂಕ ಹಾಕಲಿಲ್ಲ, ಗೊತ್ತಿದ್ದೂ ಗಾಡಿ ಕಳಿಸಲಿಲ್ಲ ಎಂದೇ ಬರೆಯಬೇಕಾಗುತ್ತದೆ.

ತುಂಗೆಯಲ್ಲಿ ಕೊಡಲಿ ತೊಳೆದದ್ದಾಯಿತು. ಇನ್ನಾದರೂ ರಕ್ತ ಯಾರದೆಂದು ಕೇಳೋಣ.